ಬಸ್ಸಿನ ಕನ್ನಡಿಗೆ ಕಟ್ಟಿದ ಟವೆಲ್ಲು

ಬಸ್ಸಿಗೆ ಕಾಯುವುದೆಂದರೆ ಸಿದ್ದೇಗೌಡರಿಗೆ ಆಗುತ್ತಲೇ ಇರಲಿಲ್ಲ. ಸಂಜೆ ಸಕ್ಕರೆ ಕಾರ್ಖಾನೆಯ ಕೂಗಾದ ಮೇಲೆ ಪಾಂಡವಪುರದ ಬಸ್‌ಸ್ಟ್ಯಾಂಡಿಗೆ ಬರುವರು. ಬಸ್ಸಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುವರು. ತಣ್ಣಗಿದ್ದರೆ ಬಸ್ಸು ಸದ್ಯಕ್ಕೆ ಹೊರಡದು ಎಂದರ್ಥ; ಮುಗಿಯಿತು, ಮೇಲುಕೋಟೆ ರಸ್ತೆ ಹಿಡಿದು ನಡೆದೇಬಿಡುವರು. ಹೆಗಲ ಮೇಲೆ ಕೆಂಪಂಚಿನ ಟವೆಲ್ಲು, ಕೈಯಲ್ಲಿ ಖಾಲಿ ಊಟದ ಡಬ್ಬಿ. ಬಸ್ಸು ಹಿಂದಿನಿಂದ ಹೋಗಿ ಅವರು ಎಲ್ಲಿ ಸಿಗುತ್ತಾರೋ ಅಲ್ಲಿ ಹತ್ತಿಸಿಕೊಳ್ಳಬೇಕು. ಹತ್ತಿದ ಮೇಲಾದರೂ ಕೂರುತ್ತಾರೆಯೇ? ಸೀಟು ಖಾಲಿಯಿದ್ದರೂ ಬಾಗಿಲ ಬಳಿ ಕಂಬಿ ಹಿಡಿದು ನಿಂತು, ಮುಂದಿನ ರಸ್ತೆಯನ್ನೇ ದುರುಗುಟ್ಟಿ ನೋಡುವರು.

"ನಡೆದರೂ ಅದೇ ಬಸ್ಸು, ನಿಂತರೂ ಅದೇ ಬಸ್ಸು. ಯಾಕೆ ಗೌಡರೇ ಕಾಲು ಸವೆಸುತ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ನಿಂತ್ಕಂಡ್ರೆ ಎದೆಯೊಳ್ಗೆ ಏನೋ ಕುಟ್ಟಿದಂಗಾಯ್ತದೆ ಕಣ್ ಟೀಚರಮ್ಮ. ನಡುದ್ರೆ ಅಷ್ಟಾದ್ರೂ ದಾರಿ ಸವೀತು ಅಂತ ಸಮಾಧಾನ," ಅಂದರು. ಅಷ್ಟು ಹೇಳುವುದರೊಳಗೆ ಮೂರು ಸಲ ಬಾಗಿಲಿನಿಂದಾಚೆ ಇಣುಕಿದ್ದರು.

ಇದು ಅರವತ್ತರ ದಶಕದ ಮಾತು. ನಾನು ಪಾಂಡವಪುರದ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಸೇರಿದ್ದೆ. ನಮ್ಮೂರು ಮೇಲುಕೋಟೆ ರಸ್ತೆಯಲ್ಲಿ, ಗೌಡರದು ನಮ್ಮ ಮುಂದಿನ ಊರು. ಆ ಬಸ್ಸಿನ ತುಂಬ ಕಾರ್ಖಾನೆಯ ಆಳುಗಳು, ಅವರ ಬಟ್ಟೆಯ ತುಂಬ ಕಾಕಂಬಿಯ ವಾಸನೆ. ಹೆಂಗಸೆಂದರೆ ಎಷ್ಟೋ ದಿನ ನಾನೊಬ್ಬಳೇ. ನಮ್ಮ ಯಜಮಾನರು ಬೆಳಗೊಳದ ಕಡೆ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಮ್ಮತ್ತೆಯದೇ ಕಾರುಬಾರು. ಅವರು ನನ್ನನ್ನು ಕೆಲಸಕ್ಕೆ ಬಿಟ್ಟದ್ದು ಒಂದೇ ಒಂದು ಶರತ್ತಿನ ಮೇಲೆ. "ದೀಪ ಅಚ್ಚೋ ಒತ್ಗೆ ಸೊಸೆ ಮನೇಲಿರ್ಬೇಕು. ಒಂದಿನ ತಪ್ಪುದ್ರೂ ನಿನ್ನ ಇಸ್ಕೂಲಿಗೆ ಅವತ್ತೇ ಕೊನೆ," ಅಂದಿದ್ದರು. ಅಂದದ್ದನ್ನು ಮಾಡುವ ಹೆಂಗಸು ಅವರು. ನನಗೋ ಆ ಕೆಲಸವೆಂದರೆ ಪ್ರಾಣ. ಕರಿಹಲಗೆಯ ಮುಂದೆ ನಿಂತಾಗ ಮಾತ್ರ ನಾನು ನಾನಾಗಿರುತ್ತಿದ್ದೆ. ಹಾಗಾಗಿ ಸಂಜೆಯ ಆ ಬಸ್ಸು ಹೊರಡುವವರೆಗೆ ನನ್ನ ಕಣ್ಣೆಲ್ಲ ಪಡುವಣದ ಸೂರ್ಯನ ಮೇಲೆಯೇ. ನನ್ನ ಈ ಪಾಡು ಬಸ್ಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಲವರು ನಗುತ್ತಿದ್ದರು. ಗೌಡರು ನಗುತ್ತಿರಲಿಲ್ಲ.

ಕಬ್ಬು ಅರೆಯುವ ಕಾಲ ಬಂತೆಂದರೆ ಊರ ಸುತ್ತ ರಸ್ತೆಯುದ್ದಕ್ಕೂ ಎತ್ತಿನಗಾಡಿಗಳ ಸಾಲು. ಅಂಥದೊಂದು ಸಂಜೆ ಬಸ್ಸಿನಲ್ಲಿ ಜನ ತುಂಬಿದ್ದರೂ ಬಸ್ಸು ಹೊರಡಲೇ ಇಲ್ಲ. ಸೂರ್ಯ ತೆಂಗಿನ ಮರಗಳ ತುದಿಗೆ ಇಳಿದ. ನಾನು ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ತಡೆಯಲಾರದೆ ಡ್ರೈವರ್ ಬುಡೇನ್ ಸಾಹೇಬರ ಬಳಿಗೇ ಹೋದೆ.

"ಏನ್ಮಾಡ್ಲಿ ಅಮ್ಮಾ, ಗೌಡ್ರು ಇನ್ನೂ ಬಂದಿಲ್ವಲ್ಲಾ," ಅಂದರು ಸಾಹೇಬರು. "ಮುಂದಕ್ಕೆ ನಡ್ಕೊಂಡು ಹೋಗಿದ್ದು ಯಾರೂ ನೋಡಿಲ್ಲ. ಫ್ಯಾಕ್ಟ್ರೀಲೇ ಅವ್ರೆ ಅಂತ ಕಾಣ್ತದೆ. ಅವ್ರನ್ನ ಬಿಟ್ಟು ಯಾವತ್ತಾದ್ರೂ ಹೋಗಿದೀನಾ?"

ನನ್ನ ಮೈಯೆಲ್ಲ ಉರಿದುಹೋಯಿತು. "ಒಬ್ಬರಿಗೋಸ್ಕರ ಇಷ್ಟು ಜನ ಕಾಯಬೇಕೇನ್ರಿ?" ಎಂದು ಕೂಗಾಡಿದೆ. ಹಿಂದಿನಿಂದ ಯಾರೋ, "ಬುಡಿ ಟೀಚರಮ್ಮ, ಬತ್ತಾನೆ. ಬಸ್ಸಿಗೆ ಕಾಯದೇ ಇರೋನ್ಗೆ ಒಂದಿನ ಬಸ್ಸೇ ಕಾಯ್ಲಿ," ಅಂದರು. ಬಸ್ಸೆಲ್ಲ ನಕ್ಕಿತು. ನನಗೆ ಅಳು ಬಂತು.

ಕೊನೆಗೂ ಬಸ್ಸು ಹೊರಟಾಗ ಹೊತ್ತು ಮುಳುಗಿತ್ತು. ಸಾಲದ್ದಕ್ಕೆ ಗೌಡರು ಎಲ್ಲಾದರೂ ಸಿಕ್ಕಾರೆಂದು ಸಾಹೇಬರು ಮೆಲ್ಲಗೆ ಓಡಿಸುತ್ತಿದ್ದಾರೆ, ಜನ ಎರಡೂ ಕಡೆ ತಲೆ ಹೊರಗೆ ಹಾಕಿ, "ಸಿದ್ದೇಗೌಡಾ! ಲೇ ಸಿದ್ದೇಗೌಡಾ!" ಎಂದು ಕೂಗುತ್ತಿದ್ದಾರೆ. ಅವರು ಸಿಗಲಿಲ್ಲ. ನಾನು ನಮ್ಮೂರಲ್ಲಿ ಇಳಿದಾಗ ಬೀದಿಯ ಎಲ್ಲ ಮನೆಗಳಲ್ಲೂ ದೀಪ ಹೊತ್ತಿತ್ತು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ನಾಳೆ ಶಾಲೆಯ ಮಕ್ಕಳಿಗೆ ಏನು ಹೇಳಿ ಕಳಿಸುವುದು ಎಂದು ಯೋಚಿಸುತ್ತಲೇ ಮನೆಗೆ ಓಡಿದೆ.

ನಮ್ಮ ಮನೆ ಕತ್ತಲಾಗಿತ್ತು. ಒಳಗೂ ಬೆಳಕಿಲ್ಲ, ಹೊರಗೂ ಇಲ್ಲ. ಅತ್ತೆಗೆ ಏನಾಯಿತೋ ಎಂದು ಗಾಬರಿಯಾಯಿತು. ಹತ್ತಿರ ಹೋದರೆ ಜಗಲಿಯ ಮೇಲೆ ಒಂದು ಕಡೆ ಅತ್ತೆ, ಇನ್ನೊಂದು ಕಡೆ ಸಿದ್ದೇಗೌಡರು!

"ಬಂದ್ಯೇನವ್ವ?" ಅಂದರು ಅತ್ತೆ. "ನೋಡಿವ್ನ! ಬೆಂಕಿಪೊಟ್ಣಾನೇ ಕಿತ್ಕಂಡು ಕುಂತವ್ನೆ. ನೀನು ಬರೋಗಂಟ ಕೊಡಾಕಿಲ್ವಂತೆ."

ನಡೆದದ್ದು ಇಷ್ಟು. ಕಬ್ಬಿನ ಗಾಡಿಗಳ ಸಾಲು ನೋಡಿ ಬೇಸತ್ತ ಗೌಡರು ಅವತ್ತು ಬಸ್‌ಸ್ಟ್ಯಾಂಡಿಗೇ ಬರದೆ, ಕಾರ್ಖಾನೆಯಿಂದ ನೇರ ನಾಲೆಯ ಏರಿ ಹಿಡಿದು ಬಂದಿದ್ದರು. ನಮ್ಮೂರು ಬಂದರೂ ಬಸ್ಸಿನ ಸುಳಿವಿಲ್ಲ. ಟೀಚರಮ್ಮನ ದೀಪದ ಹೊತ್ತು ತಪ್ಪುತ್ತದೆ ಎಂದು ಅವರಿಗೆ ಹೊಳೆದಿದೆ. ಅತ್ತೆ ದೀಪ ಹಚ್ಚಲು ಹೊರಟಾಗಲೇ ಹೋಗಿ ಬೆಂಕಿಪೊಟ್ಟಣ ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟಿದ್ದಾರೆ.

ಗೌಡರು ಎದ್ದು ಪೊಟ್ಟಣವನ್ನು ಅತ್ತೆಯ ಕೈಗಿಟ್ಟರು. "ತಕ್ಕೊ ಅಕ್ಕಯ್ಯ, ಈಗ ಅಚ್ಚು. ದೀಪ ಅಚ್ಚೋ ಒತ್ಗೆ ಸೊಸೆ ಮನೇಲವ್ಳೆ. ನಿನ್ ಮಾತು ನಡೀತು, ಅವ್ಳ ಕೆಲ್ಸಾನೂ ಉಳೀತು," ಎಂದವರೇ ಡಬ್ಬಿ ಎತ್ತಿಕೊಂಡು ತಮ್ಮೂರ ಕಡೆ ದಾಪುಗಾಲು ಹಾಕಿದರು.

ಅತ್ತೆ ದೀಪ ಹಚ್ಚಿದರು. ಊಟಕ್ಕೆ ಬಡಿಸುವಾಗ ತಮ್ಮಷ್ಟಕ್ಕೇ ನಕ್ಕು, "ಮಳೆ ಬಂದ್ರೂ ಒಂದ್ ಕಡೆ ನಿಲ್ಲೋ ಮನ್ಸ ಅಲ್ಲ ಕಣವ್ವ ಅವ್ನು. ನಿನ್ಗೋಸ್ಕರ ಅಷ್ಟೊತ್ತು ಕುಂತಿದ್ದ," ಅಂದರು. ಆ ಶರತ್ತಿನ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ಬಸ್ಸು ನಿಂತದ್ದು ತಮಗೋಸ್ಕರ ಎಂದು ಮರುದಿನ ತಿಳಿದಾಗ ಗೌಡರ ಮುಖ ಚಿಕ್ಕದಾಯಿತು. ಅಂದಿನಿಂದ ಹೊಸ ಪದ್ಧತಿ ಶುರು. ಬಸ್‌ಸ್ಟ್ಯಾಂಡಿಗೆ ತಪ್ಪದೆ ಬರುವರು, ತಮ್ಮ ಕೆಂಪಂಚಿನ ಟವೆಲ್ಲನ್ನು ಬಸ್ಸಿನ ಕನ್ನಡಿಗೆ ಕಟ್ಟುವರು, ಆಮೇಲೆ ನಡೆಯುವರು. ಟವೆಲ್ಲು ಕಂಡಿತೆಂದರೆ, ಗೌಡರು ಮುಂದೆ ಹೋಗಿದ್ದಾರೆ, ದಾರಿಯಲ್ಲಿ ಹತ್ತಿಸಿಕೊಳ್ಳಿ ಎಂದರ್ಥ. ಬಸ್ಸು ಅವರನ್ನು ಹಿಡಿದಾಗ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಮತ್ತೆ ಅದೇ ಬಾಗಿಲು, ಅದೇ ಕಂಬಿ.

ವರ್ಷಗಳು ಕಳೆದವು. ಗೌಡರು ಕಾರ್ಖಾನೆಯಿಂದ ನಿವೃತ್ತರಾದರು. ಮಂಡಿ ಹಿಡಿದುಕೊಂಡಿತು, ನಾಗಮಂಗಲದಲ್ಲಿ ಮಗಳ ಮನೆ ಸೇರಿದರು ಎಂದು ಕೇಳಿದ್ದೆ. ಎಪ್ಪತ್ತರ ದಶಕದಲ್ಲಿ ಒಮ್ಮೆ ನೆಂಟರ ಮನೆಗೆಂದು ಆ ಊರಿಗೆ ಹೋದವಳು, ಸಂಜೆ ವಾಪಸು ಬರಲು ಬಸ್‌ಸ್ಟ್ಯಾಂಡಿಗೆ ಬಂದರೆ ಕಲ್ಲುಬೆಂಚಿನ ಮೇಲೆ ಸಿದ್ದೇಗೌಡರು ಕೂತಿದ್ದಾರೆ. ಪಕ್ಕದಲ್ಲಿ ಊರುಗೋಲು. ಬಸ್‌ಸ್ಟ್ಯಾಂಡಿನಲ್ಲಿ ಅವರು ಹಾಗೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಎಲ್ಲಿಗೆ ಹೊರಟಿದ್ದೀರಿ ಗೌಡರೇ?" ಅಂದೆ.

ಅವರು ಆ ಮಾತು ಬಿಟ್ಟು ನನ್ನ ಕೆಲಸ ಕೇಳಿದರು, ಹೆಡ್‌ಮಿಸ್ ಆಗಿದ್ದೇನೆಂದಾಗ ಬೊಚ್ಚುಬಾಯಿ ಬಿಟ್ಟು ನಕ್ಕರು. ಅತ್ತೆಯ ಬಗ್ಗೆ ಕೇಳಿದರು, ತೀರಿಕೊಂಡರೆಂದೆ. ಆಮೇಲೆ ನಿಂತಿದ್ದ ಬಸ್ಸಿನ ಕಡೆ ಕೋಲು ತೋರಿಸಿ, "ಬಾನೆಟ್ಟು ಮುಟ್ಟಿ ನೋಡ್ಬನ್ನಿ," ಅಂದರು.

ಮುಟ್ಟಿದೆ. ತಣ್ಣಗಿತ್ತು.

"ಇನ್ಯಾಕ್ ನಿಂತಿದ್ದೀರಿ? ಮುಂದುಕ್ಕೆ ನಡೀರಿ ಟೀಚರಮ್ಮ. ನಾನು ಬಸ್ಸಲ್ಲಿ ಬತ್ತೀನಿ, ಡ್ರೈವರ್ಗೆ ಯೇಳಿ ನೀವು ಸಿಕ್ಕಿದ್ ಕಡೆ ನಿಲ್ಲುಸ್ತೀನಿ."

ನಗುತ್ತಾ ಹೊರಟೆ. ಊರು ದಾಟಿ ರಾಗಿ ಹೊಲಗಳ ನಡುವೆ ಬಿರಬಿರನೆ ನಡೆದೆ. ಎಷ್ಟು ಹಿತವಾಗಿತ್ತು ಆ ನಡಿಗೆ! ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತ ಬಂತು. ಕನ್ನಡಿಗೆ ಕಟ್ಟಿದ ಕೆಂಪಂಚಿನ ಟವೆಲ್ಲು ಪಟಪಟ ಹಾರುತ್ತಿತ್ತು. ಅದನ್ನು ಬಿಚ್ಚಿಕೊಂಡು ಹತ್ತಿ, ಒಳಗೆಲ್ಲ ನೋಡಿದೆ.

"ಗೌಡರೆಲ್ಲಪ್ಪ?"

"ಆ ತಾತನಾ?" ಅಂದ ಕಂಡಕ್ಟರು. "ಅವ್ರು ಬಸ್ ಅತ್ತಾಕಿಲ್ಲ ಕಣಮ್ಮ. ಮೆಟ್ಲು ಅತ್ತಕ್ಕೇ ಆಗಲ್ಲ ಅವ್ರಿಗೆ. ಸಾಯಂಕಾಲ ಬಂದು ಅಲ್ಲಿ ಕುಂತಿರ್ತಾರೆ, ಬಸ್ಸೆಲ್ಲ ಒಂಟ ಮ್ಯಾಕೆ ಮನೆಗೋಯ್ತಾರೆ. ಇವತ್ತು ಕರೆದು ಟವಲ್ ಕಟ್ಟಿಸಿ, ಮುಂದೆ ನಮ್ ಟೀಚರಮ್ಮ ನಡ್ಕಂಡೋಗ್ತಾವ್ರೆ, ಬುಟ್ಬುಟ್ಟು ಓಗ್ಬೇಡ ಅಂದ್ರು."

ಮುಂದಿನ ಸಲ ಹೋದಾಗ ಕೊಡೋಣವೆಂದು ಆ ಟವೆಲ್ಲನ್ನು ಒಗೆದು ಮಡಿಸಿಟ್ಟಿದ್ದೆ. ಮುಂದಿನ ಸಲಕ್ಕೆ ಅವರು ಇರಲಿಲ್ಲ. ಕಂಡಕ್ಟರು ಆ ಮಾತು ಹೇಳಿದ ಸಂಜೆ ಬಸ್ಸಿನಲ್ಲಿ ಸೀಟುಗಳು ಬೇಕಾದಷ್ಟು ಖಾಲಿ ಇದ್ದವು. ನಾನು ಕೂರಲಿಲ್ಲ. ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, ಬಾಗಿಲ ಕಂಬಿ ಹಿಡಿದು, ನಮ್ಮೂರು ಬರುವವರೆಗೂ ನಿಂತೇ ಬಂದೆ.