ಹಂಗೇ ಐತವ್ವಾ

ಶೀತ ಅಂದುಕೊಂಡಿದ್ದೆವು. ಹೊಸೂರು ರಸ್ತೆಯ ದೂಳು ಕುಡಿದೇ ಬೆಳೆಯುವ ಸಿಂಗಸಂದ್ರದ ಮಕ್ಕಳಲ್ಲಿ ಯಾರಿಗೆ ಮೂಗು ಸೋರುವುದಿಲ್ಲ? ಸಂಜೆ ಬಟ್ಟೆ ಬದಲಿಸುವಾಗ ನೋಡಿದೆ. ಉಸಿರೆಳೆದಾಗಲೆಲ್ಲ ನನ್ನ ಮಗಳು ಇಂಚರಳ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಅವಳಿಗಿನ್ನೂ ವರ್ಷ ತುಂಬಿರಲಿಲ್ಲ.

ನ್ಯುಮೋನಿಯಾ.

ಆಸ್ಪತ್ರೆಗೆ ಸೇರಿಸಿಕೊಂಡು ಆಕ್ಸಿಜನ್ ಹಾಕಿದರು. ನರ ಸಿಗದೆ ಮತ್ತೆ ಮತ್ತೆ ಸೂಜಿ ಚುಚ್ಚಿದಾಗ ಅತ್ತಿದ್ದು ನಾನು. ಅವಳಿಗೆ ಅಳುವಷ್ಟೂ ಉಸಿರಿರಲಿಲ್ಲ.

ಡಿಸ್ಚಾರ್ಜ್ ದಿನ ನರ್ಸ್ ಶೀಲಾ ವಿವರಿಸಿದರು. ನಮ್ಮಂಥ ಹಲವು ದೇಶಗಳ ಆಸ್ಪತ್ರೆಗಳು ಸೇರಿ ನ್ಯುಮೋನಿಯಾ ಬಂದ ಮಕ್ಕಳ ಮೇಲೆ ಕಣ್ಣಿಟ್ಟಿವೆಯಂತೆ, ಮನೆಗೆ ಹೋದ ಮೇಲೂ ಫೋನ್ ಮಾಡಿ ವಿಚಾರಿಸುತ್ತಾರಂತೆ. ಒಪ್ಪಿಕೊಂಡೆ. ಆಗ ಏನು ಕೇಳಿದ್ದರೂ ಒಪ್ಪುತ್ತಿದ್ದೆ.

ಮನೆಗೆ ಬಂದ ಮೇಲೆ ಶೀಲಾ ಅವರ ಮೊದಲ ಫೋನ್ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ದಾವಣಗೆರೆಯಿಂದ ಬಂದಿದ್ದ ಅತ್ತೆ ಸ್ಪೀಕರ್ ಹಾಕಿ ಮಾತಾಡಿದ್ದು ಬಚ್ಚಲಿಗೂ ಕೇಳಿಸಿತು.

"ಅಜ್ಜಿ, ಪಾಪು ಹುಷಾರಾಗಿದ್ದಾಳಾ?"

"ಏನೋ, ಹಂಗೇ ಐತವ್ವಾ."

"ಹಾಗಾದ್ರೆ ಇವತ್ತೇ ಕರ್ಕೊಂಡ್ಬನ್ನಿ."

ನನಗೆ ಮೈಯೆಲ್ಲ ಉರಿಯಿತು. ಮಗು ಗಂಜಿ ತಿಂದು ನಗುತ್ತಿತ್ತು. ಮೈ ಸ್ವಲ್ಪ ಬೆಚ್ಚಗಿತ್ತು. ಹಲ್ಲು ಬರುತ್ತಿದೆ ಅಂದುಕೊಂಡಿದ್ದೆ. "ಚೆನ್ನಾಗಿದ್ದಾಳೆ ಅನ್ನೋಕೇನಾಗಿತ್ತು ಅತ್ತೆ?"

"ನಮ್ಮ ಬಾಯಿಂದ ಹಂಗೆ ಅನ್ನಬಾರದು. ಕಣ್ಣು ಬೀಳ್ತಾವ."

ಫಸಲು ತುಂಬಿ ನಿಂತಿದ್ದಾಗ ಹೇಗಿದೆ ಅಂತ ಕೇಳಿದರೂ ಅವರ ಉತ್ತರ ಅದೇ. ಪಾಪ, ನರ್ಸ್‌ಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಮಗು ಇನ್ನೂ ವಾಸಿಯಾಗಿಲ್ಲ ಅಂದುಕೊಂಡಿರಬೇಕು. ನನ್ನ ರಜೆ ಬೇರೆ ಮುಗಿದಿತ್ತು. ಆಟೋದಲ್ಲಿ ದಾರಿಯುದ್ದಕ್ಕೂ ಅವರ ಜೊತೆ ಮಾತು ಬಿಟ್ಟೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಎಂಬತ್ತೆಂಟು ತೋರಿಸಿತು, ತೊಂಬತ್ತೈದಾದರೂ ಇರಬೇಕಿತ್ತು.

"ಶ್ವಾಸಕೋಶದ ಸುತ್ತ ಕೀವು ತುಂಬಿದೆ. ನಾಳೆ ಬಂದಿದ್ರೆ ಕಷ್ಟ ಇತ್ತು," ಎಂದರು ಡಾಕ್ಟರ್.

ಅಷ್ಟು ಚಿಕ್ಕ ಎದೆಗೆ ಟ್ಯೂಬ್ ಹಾಕಿದರು. ಐಸಿಯು ಹೊರಗಿನ ಬೆಂಚಿನಲ್ಲಿ ಅತ್ತೆ ನನಗೆ ಒತ್ತಿ ಕೂತರು. ಸೆರಗಿನ ಗಂಟು ಬಿಚ್ಚಿ ನನ್ನ ಹಣೆಗೆ ವಿಭೂತಿ ಹಚ್ಚಿದರು. ನಮ್ಮ ಪಕ್ಕ ಕೂತಿದ್ದ ಮಹದೇವಪುರದ ತಾಯಿಯ ಮಗು ಮಧ್ಯಾಹ್ನ ತೀರಿಕೊಂಡಿತು. ಅವಳ ಚೀಲದಿಂದ ಹಾಲಿನ ಬಾಟಲಿ ಇಣುಕುತ್ತಿತ್ತು. ನಾನು ಮುಖ ತಿರುಗಿಸಿಕೊಂಡೆ. ನನ್ನ ಮಗು ಉಳಿದರೆ ಸಾಕು ಅನ್ನುವುದೊಂದೇ ತಲೆಯಲ್ಲಿತ್ತು.

ಇಂಚರ ಮನೆಗೆ ಬಂದಿದ್ದಾಳೆ. ಪಕ್ಕೆಯಲ್ಲಿ ಟ್ಯೂಬಿನ ಗಾಯ ಇನ್ನೂ ಕೆಂಪಗಿದೆ. ನಿನ್ನೆ ಮತ್ತೆ ಶೀಲಾ ಫೋನ್ ಮಾಡಿದ್ದರು.

"ಪಾಪು ಹೇಗಿದ್ದಾಳೆ ಮೇಡಂ?"

ಅವಳು ಚಮಚದಿಂದ ನೆಲ ಬಡಿಯುತ್ತಾ ಕೇಕೆ ಹಾಕುತ್ತಿದ್ದಳು. ಅಂಗಿ ಎತ್ತಿ ನೋಡಿದೆ. ಗುಳಿ ಬೀಳುತ್ತಿರಲಿಲ್ಲ. ಕಣ್ಣು ಬೀಳುವುದನ್ನೆಲ್ಲ ನಾನು ಈಗಲೂ ನಂಬುವುದಿಲ್ಲ. ಆದರೂ ಚೆನ್ನಾಗಿದ್ದಾಳೆ ಅನ್ನಲು ಬಾಯಿ ಬರಲಿಲ್ಲ.

"ಏನೋ, ಹಾಗೇ ಇದ್ದಾಳೆ," ಅಂದೆ.

"ಒಂದ್ಸಲ ತೋರಿಸ್ಕೊಂಡು ಹೋಗ್ಬಿಡಿ."

ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.