ನಾಯಿ ಬಣ್ಣದ ಬಟ್ಟಲು

ಬೀದಿ ದೀಪ ಇನ್ನೂ ಆರಿಲ್ಲ. ಶಿಶುಶಾಲೆಯ ಹಿಂದಿನ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ನೆಲಕ್ಕೆ ಹಳೇ ಪೇಪರ್ ಹಾಸಿ, ಪ್ಲಾಸ್ಟಿಕ್ ಬಟ್ಟಲುಗಳಿಗೆ ಬಣ್ಣ ಸುರಿಯುತ್ತಿದ್ದಾರೆ. ಹಳದಿ ಬಟ್ಟಲ ತುಂಬ, ಕೆಂಪು ಅರ್ಧ, ನೀಲಿ ತಳ ಮುಚ್ಚುವಷ್ಟು. “ನೀಲಿ ಹೊಟ್ಟೆಬಾಕ. ಸ್ವಲ್ಪ ಜಾಸ್ತಿ ಬಿಟ್ರೆ ಹಳದೀನ ಪೂರ್ತಿ ನುಂಗಿಬಿಡತ್ತೆ, ಮಕ್ಕಳಿಗೆ ಹಸಿರೇ ಸಿಗಲ್ಲ,” ಎನ್ನುತ್ತಾರೆ, ತಲೆಯೆತ್ತದೆ.

ಮಕ್ಕಳಿಗೆ ಇವರು ಬಣ್ಣದ ಮಿಸ್. ಅಪ್ಪ ಅಮ್ಮಂದಿರಿಗೆ ಇವರ ನೆನಪಾಗುವುದು ಯೂನಿಫಾರ್ಮಿಗೆ ಕಲೆಯಾದ ದಿನ ಮಾತ್ರ. ಆ ದಿನ ಗೇಟಿನಲ್ಲಿ ನಿಂತು ಚೆನ್ನಾಗಿಯೇ ಮಂಗಳಾರತಿ ಮಾಡಿ ಹೋಗುತ್ತಾರೆ.

ಹೊಟ್ಟೆಬಾಕ ನೀಲಿಯ ಮಾತು ಇವರ ಯಜಮಾನರದು. ಅವರು ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ ಪೇಂಟರ್. ಪ್ರಿಂಟ್ ಹೊಡೆದ ಬೋರ್ಡುಗಳು ಬಂದವು, ಕುಂಚ ಮೂಲೆ ಸೇರಿತು, ಪೇಂಟರೂ ಮನೆ ಹಿಡಿದರು. “ನನ್ನ ಹತ್ರ ಮೂವತ್ತು ಡಬ್ಬಿ ಇತ್ತು, ಮನೆ ನಡೆಸೋಕಾಗ್ಲಿಲ್ಲ. ಇವಳು ಮೂರು ಬಟ್ಟಲಲ್ಲಿ ನಡೆಸ್ತಿದಾಳೆ,” ಎಂದು ನಗುತ್ತಾರೆ. ಆ ನಗು ನೋಡಲಾಗುವುದಿಲ್ಲ.

ಬಣ್ಣದ ಮಿಸ್ ಪಾಠದಲ್ಲಿ ಹೇಳುವುದು ಕಡಿಮೆ. ಹಳದಿಗೆ ನೀಲಿ ಸೇರಿದರೆ ಹಸಿರಾಗುತ್ತದೆ ಎಂಬುದನ್ನಂತೂ ಹೇಳುವುದೇ ಇಲ್ಲ. “ನಾನು ಹೇಳಿಬಿಟ್ರೆ ಅದು ನನ್ನ ಹಸಿರು. ಅವರೇ ಬೆರಳಲ್ಲಿ ಕಲಸಿದ್ರೆ ಅವರ ಹಸಿರು. ಮೊದಲ್ನೇ ಸಲ ಹಸಿರು ಬಂದಾಗ ಕೆಲವು ಮಕ್ಕಳು ಕೈ ಹಿಂದೆ ಬಚ್ಚಿಟ್ಕೋತಾರೆ, ಏನೋ ತಪ್ಪು ಮಾಡಿದೀವಿ ಅನ್ನೋ ಹಾಗೆ.”

ನಾಲ್ಕು ವರ್ಷದ ಕೈಗಳು ಅಷ್ಟಕ್ಕೆ ನಿಲ್ಲುತ್ತವೆಯೇ? ಎಲ್ಲವನ್ನೂ ಎಲ್ಲದಕ್ಕೂ ಸೇರಿಸಿ ಕೆಸರು ಮಾಡುತ್ತವೆ. ಬೇರೆ ಟೀಚರ್‌ಗಳು ಮೂಗು ಮುರಿದು ಚೆಲ್ಲುವ ಆ ಕೆಸರಿಗೆ ಈ ಕೋಣೆಯಲ್ಲಿ ಹೆಸರಿಡಬೇಕು. ಒಬ್ಬನದು ಅಪ್ಪನ ಚಪ್ಪಲಿ ಬಣ್ಣ, ಇನ್ನೊಬ್ಬಳದು ಚೆಲ್ಲಿದ ಟೀ ಬಣ್ಣ.

ಹೋದ ವರ್ಷ ಹೀಗೇ ಒಂದು ಹೆಸರು ಬಂತು. ಮೋಟುಜಡೆ ಎಂದು ಎಲ್ಲರೂ ಕರೆಯುವ ಹುಡುಗಿಯ ಮನೆಯ ನಾಯಿ ಸತ್ತುಹೋಗಿತ್ತು. ಅವಳು ವಾರವಿಡೀ ಕಲಸಿ ಕಲಸಿ, ಕೊನೆಗೆ ಮೊಣಕೈವರೆಗೆ ಕಂದಾಗಿ ನಿಂತು, “ಸಿಕ್ಬಿಟ್ಟ ಮಿಸ್, ಇದು ನನ್ನ ನಾಯಿ ಬಣ್ಣ,” ಎಂದಳು. ಹಾಳೆಯ ತುಂಬ ಒಂದೇ ಬಣ್ಣ, ಕಾಲಿಲ್ಲ, ಬಾಲವಿಲ್ಲ. ಆದರೆ ನಾಯಿ ಇತ್ತು.

ಅದೇ ಶನಿವಾರ ಮಕ್ಕಳ ಚಿತ್ರ ಪ್ರದರ್ಶನ. ಶಾಲೆ ನಡೆಸುವ ದೊಡ್ಡ ಮಿಸ್ ಹಾಳೆಯನ್ನು ತುದಿಬೆರಳಲ್ಲಿ ಎತ್ತಿ, “ಪೇರೆಂಟ್ಸ್ ಇದನ್ನ ನೋಡೋಕೆ ಬರ್ತಾರಾ? ಸ್ವಲ್ಪ ಟಚ್ ಮಾಡಿ,” ಎಂದರು. ಟಚ್ ಮಾಡುವುದು ಇಲ್ಲಿನ ಪದ್ಧತಿ. ಗೋಡೆಯ ಮೇಲೆ ಮಕ್ಕಳ ಹೆಸರು, ಕೆಲಸ ಟೀಚರದು, ಚಪ್ಪಾಳೆ ಶಾಲೆಗೆ. ಎಂಥ ನಾಚಿಕೆಗೇಡು! ಬಣ್ಣದ ಮಿಸ್ ಆ ನಾಯಿಯ ಮೇಲೆ ದಪ್ಪಗೆ ಹೂದೋಟ ಬಳಿದರು. ಅವರ ಕೈ ಚೆನ್ನಾಗಿದೆ, ತೋಟವೂ ಚೆನ್ನಾಗಿಯೇ ಬಂತು.

ಪ್ರದರ್ಶನದ ದಿನ ಹುಡುಗಿಯ ಅಮ್ಮ ಹಿಗ್ಗಿ ಫೋಟೊ ತೆಗೆದರು. ಮೋಟುಜಡೆ ಚಿತ್ರ ನೋಡಿದಳು, ಕೆಳಗಿದ್ದ ತನ್ನ ಹೆಸರು ನೋಡಿದಳು. “ನನ್ನ ನಾಯಿ ಎಲ್ಲಿ ಮಿಸ್?” ಬಣ್ಣದ ಮಿಸ್ ಬಗ್ಗಿ ಅವಳ ಕಿವಿಯಲ್ಲಿ, “ಕೆಳಗಡೆ ಇದಾನೆ ಪುಟ್ಟಿ,” ಎಂದರು. ಮಗು ನಂಬಿತು. ಉಗುರಿನಿಂದ ಹೂಗಳನ್ನು ಕೆರೆಯತೊಡಗಿತು. ಅಷ್ಟು ಜನರೆದುರು ಅಮ್ಮ ಆ ಕೈಮೇಲೆ ಪಟ್ಟನೆ ಹೊಡೆದರು.

“ಆ ಏಟು ನನಗೆ ಬೀಳ್ಬೇಕಿತ್ತು,” ಎನ್ನುತ್ತಾರೆ ಬಣ್ಣದ ಮಿಸ್. “ಅವತ್ತಿಂದ ಅವಳು ಬಟ್ಟಲಿಗೆ ಬೆರಳೇ ಹಾಕಿಲ್ಲ.”

ಈ ಶನಿವಾರ ಮತ್ತೆ ಪ್ರದರ್ಶನ. ಟಚ್ ಮಾಡುವುದಿಲ್ಲ ಎಂದು ಈ ಸಲ ಬಣ್ಣದ ಮಿಸ್ ದೊಡ್ಡ ಮಿಸ್‌ಗೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾರೆ. ಉತ್ತರವೂ ತಡವಾಗಲಿಲ್ಲ. ಮುಂದಿನ ವಾರದಿಂದ ಅಚ್ಚು ಹಾಕಿದ ಚಿತ್ರಗಳು, ರೆಡಿ ಬಣ್ಣದ ಪೆನ್ಸಿಲ್‌ಗಳು. ಕಲಸುವುದೂ ಇಲ್ಲ, ಕಲಸಿ ಕೊಡುವವರೂ ಬೇಡ. ಮಿಸ್‌ಗೆ ಉಳಿದಿರುವುದು ಇಂದು ಮತ್ತು ನಾಳೆ.

ಮಕ್ಕಳು ಬರುತ್ತಾರೆ, ಗದ್ದಲ ಶುರುವಾಗುತ್ತದೆ. ಮೋಟುಜಡೆ ಬಂದು ಕೈಕಟ್ಟಿ ಕೂರುತ್ತಾಳೆ. ಅವಳ ಮುಂದೆ ದಿನವೂ ಇಡುವಂತೆ ಇಂದೂ ಮಿಸ್ ಒಂದು ಬಟ್ಟಲು ಇಡುತ್ತಾರೆ. ಅದರಲ್ಲಿ ಅವರೇ ಕಲಸಿದ ಕಂದು. ಹುಡುಗಿ ಬಗ್ಗಿ ನೋಡುತ್ತಾಳೆ.

“ಇದು ಅವನಲ್ಲ,” ಎನ್ನುತ್ತಾಳೆ.

“ಹೌದಾ? ಹಾಗಾದ್ರೆ ಇನ್ನೇನು ಹಾಕ್ಬೇಕು, ನೀನೇ ತೋರ್ಸು.”

ಮೋಟುಜಡೆ ಹಳದಿ ಬಟ್ಟಲ ಕಡೆ ನೋಡುತ್ತಾಳೆ. ಕೈ ಅರ್ಧ ಮೇಲೇಳುತ್ತದೆ, ಮತ್ತೆ ಮಡಿಲಿಗೆ ಹೋಗುತ್ತದೆ. ಹಾಳೆಯನ್ನು ಮಿಸ್ ಕಡೆಗೆ ತಳ್ಳುತ್ತಾಳೆ. “ನೀವೇ ಬರೀರಿ ಮಿಸ್. ನಿಮಗೇ ಚೆನ್ನಾಗಿ ಬರತ್ತೆ.”

ಕ್ಲಾಸ್ ಮುಗಿದ ಮೇಲೆ ಬಣ್ಣದ ಮಿಸ್ ನಲ್ಲಿಯಡಿ ಬಟ್ಟಲುಗಳನ್ನು ತೊಳೆಯುತ್ತಾರೆ. ಕಂದಿನ ಬಟ್ಟಲನ್ನು ಮಾತ್ರ ತೊಳೆಯದೆ, ಒಣಗದಂತೆ ಒದ್ದೆ ಬಟ್ಟೆ ಮುಚ್ಚಿ ಕಿಟಕಿಯಲ್ಲಿಡುತ್ತಾರೆ.

“ನಾಳೆ ಒಂದಿನ ಇದೆಯಲ್ಲ,” ಎನ್ನುತ್ತಾರೆ. “ಅವಳು ಒಂದೇ ಒಂದ್ಸಲ ಗಲೀಜು ಮಾಡಿದ್ರೆ ಸಾಕು ನನಗೆ.”