ಗಾಳಿಕಿಂಡಿ ಮುಚ್ಚಿದ ಚಳಿಗಾಲ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಇಂಗ್ಲಿಷರ ನಾಡಿನಲ್ಲಿ, ಕೆಂಟನ್‌ನ ಒಂದು ಹಳೆಯ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ಕಿಂಗ್ಸ್‌ಬರಿಯ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದರು. ನಾನು ಪಿನ್ನರ್‌ನ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯಲ್ಲಿ ಕೂತು ಪ್ಯಾಂಟುಗಳ ಅಂಚು ಹೊಲಿಯುತ್ತಿದ್ದೆ. ಮಗಳಿಗೆ ಆಗ ಎಂಟು ವರ್ಷ.

ಮೊದಲ ಚಳಿಗಾಲದ ಗ್ಯಾಸ್ ಬಿಲ್ ಹಿಡಿದು ಇವರು ಎರಡು ದಿನ ಲೆಕ್ಕ ಹಾಕಿದರು. ಮರುವರ್ಷ ಅಕ್ಟೋಬರ್‌ನಲ್ಲೇ ತಯಾರಿ ಶುರುವಾಯಿತು. ನೀರನ್ನೂ ಇಡೀ ಮನೆಯನ್ನೂ ಕಾಯಿಸುವ ಬಾಯ್ಲರ್ ಬೆಳಿಗ್ಗೆ ಸ್ನಾನಕ್ಕೆ ಮಾತ್ರ. ಮಹಡಿಯ ಕೋಣೆಗಳ ಬಾಗಿಲು ಹಾಕಿ ಹಾಸಿಗೆಗಳನ್ನು ಹಾಲಿಗೆ ಇಳಿಸಿದೆವು. ಅಲ್ಲಿ ಗೋಡೆಗೆ ಕೂರಿಸಿದ, ಕೋಣೆ ಕಾಯಿಸುವ ಗ್ಯಾಸ್ ಫೈರ್ ಇತ್ತು, ಅದೊಂದೇ ಸಾಕು ಎಂದರು. ಕಿಟಕಿ ಸಂದಿಗಳಿಗೆ ಟೇಪ್ ಅಂಟಿಸಿದರು. ಬಾಗಿಲ ಬುಡಕ್ಕೆ ನಾನು ಹಳೇ ಸೀರೆ ಸುತ್ತಿ ಇಟ್ಟೆ. ಆದರೂ ಕಾಲಿನ ಹತ್ತಿರ ತಣ್ಣನೆ ಗಾಳಿ ಸುಳಿಯುತ್ತಲೇ ಇತ್ತು. ಒಂದು ಭಾನುವಾರ ಇವರು ಸೋಫಾ ಸರಿಸಿ ಮಂಡಿಯೂರಿದರು.

"ಇಲ್ಲ್ ಕಾಣ್ ಮಾರಾಯ್ತಿ, ಕೈ ಇಟ್ ಕಾಣ್. ಗಾಳಿ ಬಪ್ಪುದ್ ಇಲ್ಲಿಂದ್ಲೇ."

ಗೋಡೆಯ ಬುಡದಲ್ಲಿ ಒಂದು ಜಾಲರಿ, ಅದರ ಹಿಂದೆ ನೇರ ಹೊರಗಿನ ಬೆಳಕು. ಇಂಥ ಚಳಿ ದೇಶದಲ್ಲಿ ಗೋಡೆಗೆ ತೂತು ಬಿಟ್ಟವರಿಗೆ ಬುದ್ಧಿ ಇಲ್ಲವೇ ಎಂದು ಇಬ್ಬರೂ ನಕ್ಕೆವು. ನಾನು ಹಳೇ ಪೇಪರ್ ಹರಿದು ಉಂಡೆ ಕಟ್ಟಿ ಕೊಟ್ಟೆ, ಇವರು ಒಳಗೆ ತುರುಕಿದರು. ಅವತ್ತು ಹಾಲ್ ನಿಜಕ್ಕೂ ಬೆಚ್ಚಗಾಯಿತು.

ಡಿಸೆಂಬರ್ ಹೊತ್ತಿಗೆ ನನಗೆ ಒಂಥರಾ ಸುಸ್ತು ಹಿಡಿಯಿತು. ಅಂಗಡಿಯಲ್ಲಿ ಪರವಾಗಿಲ್ಲ ಅನಿಸುತ್ತಿತ್ತು. ಮನೆಗೆ ಬಂದು ಫೈರ್ ಹಚ್ಚಿ ಒಂದು ತಾಸಾಯಿತೋ ಇಲ್ಲವೋ, ಹಣೆ ಭಾರ, ಕೈಕಾಲಲ್ಲಿ ಜೀವವಿಲ್ಲ. ಅನ್ನಕ್ಕೆ ನೀರಿಟ್ಟು ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ಮನೆಯಲ್ಲೂ ಹೊರಗೂ ದುಡಿಯುವ ಹೆಂಗಸಿಗೆ ಇದು ಇದ್ದದ್ದೇ ಅಂದುಕೊಂಡೆ. ಜಿ.ಪಿ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಫೈರ್ ಆರಿಸಿದ ಮೇಲೆ ತಡರಾತ್ರಿ ಮನೆಗೆ ಬರುತ್ತಿದ್ದ ಇವರಿಗೆ ಏನೂ ಆಗುತ್ತಿರಲಿಲ್ಲ. ಮಗಳು ಹೋಮ್‌ವರ್ಕ್ ಪುಸ್ತಕದ ಮೇಲೆ ತಲೆಯಿಟ್ಟು "ಅಮ್ಮಾ, ಮೈ ಹೆಡ್ ಹರ್ಟ್ಸ್" ಎನ್ನುತ್ತಿದ್ದಳು. ಟಿವಿ ನೋಡಿದ್ದು ಜಾಸ್ತಿಯಾಯಿತು ಎಂದು ಗದರಿಸಿದ್ದೆ. ಆ ಗದರಿಕೆಯನ್ನು ನಾನು ಇನ್ನೂ ಮರೆತಿಲ್ಲ.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಮನೆ ಮಾಲೀಕರು ವಾರ್ಷಿಕ ಪರೀಕ್ಷೆಗೆ ಗ್ಯಾಸ್ ಕೆಲಸದವನನ್ನು ಕಳಿಸಿದರು. ವಯಸ್ಸಾದ ಇಂಗ್ಲಿಷ್ ಮನುಷ್ಯ. ಫೈರ್ ಉರಿಯುತ್ತಿತ್ತು, ಮಗಳು ಹನ್ನೊಂದು ಗಂಟೆಯಲ್ಲೂ ಸೋಫಾದ ಮೇಲೆ ಮಲಗಿದ್ದಳು. ಅವನು ಜ್ವಾಲೆ ನೋಡಿದ. ನೀಲಿ ಇರಬೇಕಾದದ್ದು ಹಳದಿಯಾಗಿತ್ತು. ಹೊಗೆಯಾಡುವ ಕಡ್ಡಿಯೊಂದನ್ನು ಹತ್ತಿರ ಹಿಡಿದ. ಹೊಗೆ ಚಿಮಣಿಗೆ ಏರದೆ ತಿರುಗಿ ನಮ್ಮ ಕಡೆಗೇ ಬಂತು. ತಟ್ಟನೆ ಗ್ಯಾಸ್ ಆರಿಸಿ, ಟೇಪ್ ಕಿತ್ತು ಕಿಟಕಿ ತೆರೆದ.

"ನಿಮಗೆ ತಲೆನೋವು ಬರುತ್ತದಾ?"

"ಹೌದು. ಇವಳಿಗೂ."

"ಈ ಕೋಣೆಯಲ್ಲಿ ಗಾಳಿಕಿಂಡಿ ಎಲ್ಲಿ?"

ನಾನು ಸೋಫಾದ ಹಿಂದೆ ತೋರಿಸಿದೆ. ಅವನು ಉಂಡೆಗಳನ್ನು ಒಂದೊಂದಾಗಿ ಹೊರಗೆಳೆದ. ಬೈಯಲಿಲ್ಲ. "ಗಾಳಿ ಸಿಗದೆ ಫೈರ್ ವಿಷದ ಗಾಳಿ ಬಿಡ್ತಿದೆ, ಅದಕ್ಕೆ ವಾಸನೆ ಇರೋದಿಲ್ಲ. ಮಗುವನ್ನು ಈಗಲೇ ಆಸ್ಪತ್ರೆಗೆ ಕರಕೊಂಡು ಹೋಗಿ," ಎಂದ. ನಮ್ಮಿಬ್ಬರನ್ನೂ ಹೊರಗೆ ಕಳಿಸಿ, ಫೈರ್‌ಗೆ ಬಳಸಬಾರದೆಂಬ ಕೆಂಪು ಚೀಟಿ ಅಂಟಿಸಿ, ತನ್ನ ವ್ಯಾನಿನಲ್ಲೇ ನಮ್ಮನ್ನು ಆಸ್ಪತ್ರೆಗೆ ಬಿಟ್ಟುಹೋದ.

ಅಲ್ಲಿ ಇಬ್ಬರಿಗೂ ಆಮ್ಲಜನಕದ ಮುಖವಾಡ ಹಾಕಿದರು. ಫೋನ್ ಹೋದ ಮೇಲೆ ಇವರು ಹೋಟೆಲಿನ ಅಡುಗೆಮನೆಯಿಂದ ಏಪ್ರನ್ನಿನಲ್ಲೇ ಓಡಿಬಂದರು, ಮೈಯೆಲ್ಲ ಈರುಳ್ಳಿ ವಾಸನೆ. ಮಗಳ ಕಾಲಿನ ಮೇಲೆ ಕೈಯಿಟ್ಟು ನಿಂತರು.

"ಮುಚ್ಚಿದ್ದ್ ನಾನೇ ಅಲ್ದಾ," ಎಂದರು. ತಮ್ಮನ್ನೇ ಬೈದುಕೊಳ್ಳುವ ಧ್ವನಿ.

"ಪೇಪರ್ ಹರಿದು ಕೊಟ್ಟದ್ದು ನಾನಲ್ದಾ?" ಎಂದೆ.

ಮಗಳ ತಲೆನೋವು ಒಂದೆರಡು ದಿನದಲ್ಲಿ ಹೋಯಿತು. ನನ್ನದೂ ಹೋಯಿತು. ಸುಸ್ತು ಮಾತ್ರ ಪೂರ್ತಿ ಬಿಡಲಿಲ್ಲ. ಎಲ್ಲವೂ ಗ್ಯಾಸಿನದೇ ಆಗಿದ್ದರೆ ಚೆನ್ನಾಗಿತ್ತು ಎಂದು ಆಸೆಪಟ್ಟಿದ್ದೆ. ಹೊಲಿಗೆ, ಬಸ್ಸು, ಅಡುಗೆ, ಬೇಗ ಕವಿಯುವ ಕತ್ತಲು ಎಲ್ಲ ಹಾಗೇ ಇದ್ದವು.

ಬಿಲ್ ಕಡಿಮೆ ಮಾಡಲು ಸರಿಯಾದ ದಾರಿ ಹುಡುಕಿದ್ದು ಆಮೇಲೆ. ಸೂರಿನಡಿಯ ಲಾಫ್ಟಿಗೆ ಬಿಸಿ ಹೊರಹೋಗದಂತೆ ದಪ್ಪ ಹೊದಿಕೆ ಹಾಸಲು ಸಹಾಯ ಸಿಗುತ್ತದೆಂದು ಸ್ಥಳೀಯ ಆಡಳಿತದ ಕೌನ್ಸಿಲ್‌ನವರು ಹೇಳಿದರು. ಅರ್ಜಿಗೆ ಮಾಲೀಕರ ಸಹಿ ಬೇಕಿತ್ತು. ಅಂಗಡಿಯ ಫೋನಿನಿಂದ ಮತ್ತೆ ಮತ್ತೆ ಕರೆಮಾಡಿ, ಕೊನೆಗೆ ಅವರ ಮನೆಗೇ ಹೋಗಿ ಸಹಿ ಹಾಕಿಸಿಕೊಂಡೆ. ಶರತ್ಕಾಲದಲ್ಲಿ ಇಬ್ಬರು ಬಂದು ಉಣ್ಣೆಯಂಥ ಹಳದಿ ಸುರುಳಿಗಳನ್ನು ಮೇಲೆ ಹಾಸಿ, ಅರ್ಧ ದಿನದಲ್ಲಿ ಮುಗಿಸಿ ಹೋದರು. ನಾವು ಮತ್ತೆ ಮಹಡಿಯಲ್ಲಿ ಮಲಗತೊಡಗಿದೆವು.

ಆ ಚಳಿಗಾಲದ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ತಿರುಗಿ ನೋಡಿದೆ. ಅಕ್ಕಪಕ್ಕದ ಮನೆಗಳ ಸೂರಿನ ಮೇಲಿನ ಹಿಮ ಆಗಲೇ ಕರಗಿ ನೀರಿಳಿಯುತ್ತಿತ್ತು. ನಮ್ಮದು ಮಾತ್ರ ಬೆಳ್ಳಗೆ ಹಾಗೇ ಇತ್ತು. ಒಳಗಿನ ಬಿಸಿ ಒಳಗೇ ಉಳಿದಿದೆ ಎಂದು ಅರ್ಥ. ಇವರನ್ನು ಕರೆದು ತೋರಿಸೋಣ ಅನಿಸಿತು. ಅಷ್ಟರಲ್ಲಿ ಬಸ್ ಬಂತು.